ದೇವರ ಅರಿವು ಮನುಷ್ಯನಿಗೆ ಸಂಕೋಲೆಯಲ್ಲ

ನಾಳೆ ನಡೆಯುವುದೆಲ್ಲ ದೇವರಿಗೆ ಇಂದೇ ಗೊತ್ತಿದ್ದರೆ ಮನುಷ್ಯನ ಕೈಯಲ್ಲಿ ಏನು ಉಳಿಯಿತು? ಮಧ್ಯಯುಗದ ಇಸ್ಲಾಮಿಕ್ ತತ್ತ್ವಚಿಂತಕರು ಈ ಪ್ರಶ್ನೆಗೆ ‘ಹಣೆಬರಹ’ ಎಂದು ಹೇಳಿ ಕೈತೊಳೆದುಕೊಂಡರು ಎನ್ನುವವರಿದ್ದಾರೆ. ಅವರು ಮುಂದಿಡುವ ಮೂರು ವಾದಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲ ವಾದ: ದೇವರ ಅರಿವು ಸುಳ್ಳಾಗದು; ಆದ್ದರಿಂದ ಅವನು ಅರಿತದ್ದು ನಡೆದೇ ತೀರಬೇಕು, ಮನುಷ್ಯನಿಗೆ ಆಯ್ಕೆಯಿಲ್ಲ.

ಇಲ್ಲಿ ಎರಡು ಬಗೆಯ ಅನಿವಾರ್ಯತೆಗಳು ಕಲಸಿಹೋಗಿವೆ. 950ರ ಸುಮಾರಿಗೆ ತೀರಿಕೊಂಡ ಅಲ್ ಫಾರಾಬಿ ಇವನ್ನು ಬಿಡಿಸಿ ತೋರಿಸಿದರು. ನಾಳೆ ನೌಕಾಯುದ್ಧ ನಡೆಯುವುದೋ ಇಲ್ಲವೋ ಎಂಬ ಅರಿಸ್ಟಾಟಲ್‌ನ ಚರ್ಚೆಗೆ ವ್ಯಾಖ್ಯಾನ ಬರೆಯುತ್ತ ಅವರು ಝೈದ್ ಎಂಬವನ ಉದಾಹರಣೆ ಕೊಡುತ್ತಾರೆ. ಝೈದ್ ನಾಳೆ ಪ್ರಯಾಣ ಹೊರಡುತ್ತಾನೆಂದು ದೇವರು ಬಲ್ಲನಾದರೆ, ಅವನು ಹೊರಡುತ್ತಾನೆಂಬ ತೀರ್ಮಾನ ತಪ್ಪದು. ಆದರೆ ಆ ಅನಿವಾರ್ಯತೆ ಇರುವುದು ಅರಿವಿಗೂ ಘಟನೆಗೂ ನಡುವಿನ ಸಂಬಂಧದಲ್ಲಿ, ಹೊರಡುವ ಕ್ರಿಯೆಯಲ್ಲಲ್ಲ. ಮನೆಯಲ್ಲೇ ಉಳಿಯುವ ಶಕ್ತಿ ಝೈದನಿಗೆ ಇದ್ದೇ ಇದೆ. ಇಲ್ಲವೆಂದಾದರೆ ಅವನನ್ನು ಶಿಕ್ಷಿಸುವುದು ಯಾವ ನ್ಯಾಯ?

ಎರಡನೆಯ ವಾದ: ಘಟನೆಗಳು ಬದಲಾದಂತೆ ಅವುಗಳ ಅರಿವೂ ಬದಲಾಗಬೇಕು. ಅದಕ್ಕೆ ಹೆದರಿ ಇಬ್ನ್ ಸೀನಾ, ದೇವರಿಗೆ ಬಿಡಿ ಸಂಗತಿಗಳು ಗೊತ್ತೇ ಇಲ್ಲವೆಂದರು.

ಇಬ್ನ್ ಸೀನಾ (980–1037) ಹಾಗೆ ಹೇಳಲಿಲ್ಲ. ಬಿಡಿ ಸಂಗತಿಗಳನ್ನೂ ದೇವರು ಸಾರ್ವತ್ರಿಕ ರೀತಿಯಲ್ಲಿ, ಅವುಗಳ ಕಾರಣಗಳ ಮೂಲಕ ಬಲ್ಲ ಎಂದರು. ಆಕಾಶಕಾಯಗಳ ಚಲನೆಯನ್ನು ಪೂರ್ತಿ ಬಲ್ಲವನಿಗೆ ಗ್ರಹಣವನ್ನು ಕಣ್ಣಾರೆ ಕಾಣಬೇಕಿಲ್ಲ. ಈ ಉತ್ತರವನ್ನು ಅಲ್ ಗಝಾಲಿ ಒಪ್ಪಲಿಲ್ಲ. 1095ರಲ್ಲಿ ಮುಗಿಸಿದ ‘ತಹಾಫುತ್ ಅಲ್ ಫಲಾಸಿಫ’ದ 13ನೆಯ ಚರ್ಚೆಯಲ್ಲಿ ಅವರು ಕೇಳುವುದು ಇದು: ಗ್ರಹಣ ಆಗಲಿದೆಯೋ, ಆಗುತ್ತಿದೆಯೋ, ಆಗಿಹೋಯಿತೋ ಎಂಬುದು ತಿಳಿಯದಿದ್ದರೆ ಅದು ಪೂರ್ಣ ಅರಿವು ಹೇಗಾದೀತು? ನಿಮ್ಮ ಬಲಕ್ಕಿದ್ದವನು ಎಡಕ್ಕೆ ಸರಿದರೆ ಬದಲಾದದ್ದು ಅವನು, ನೀವಲ್ಲ. ದೇವರ ಒಂದೇ ಅರಿವು ಮೂರು ಸ್ಥಿತಿಗಳನ್ನೂ ಹಾಗೆಯೇ ಬಲ್ಲುದು ಎಂಬುದು ಗಝಾಲಿಯವರ ಸಮಾಧಾನ.

ನಿಯತಿವಾದದ ಆರೋಪಕ್ಕೆ ಸ್ವಲ್ಪವಾದರೂ ಆಧಾರ ಸಿಗುವುದು ಇಬ್ನ್ ಸೀನಾರಲ್ಲಿ. ಪ್ರತಿ ವಸ್ತುವೂ ತನ್ನಷ್ಟಕ್ಕೆ ಕೇವಲ ಸಾಧ್ಯ, ಕಾರಣದ ದೆಸೆಯಿಂದ ಅನಿವಾರ್ಯ ಎಂದವರು ಅವರು. ಆದರೆ ಒಬ್ಬರ ಸಿದ್ಧಾಂತವನ್ನು ಇಡೀ ಪರಂಪರೆಯ ತಲೆಗೆ ಕಟ್ಟುವುದು ಅನ್ಯಾಯ.

ಮೂರನೆಯ ವಾದ: ಬಿಡಿ ಸಂಗತಿಗಳನ್ನು ದೇವರು ಸಾರ್ವತ್ರಿಕ ರೀತಿಯಲ್ಲಿ ಮಾತ್ರ ಬಲ್ಲ ಎಂಬ ಮತವನ್ನು ಗಝಾಲಿ ಧರ್ಮಬಾಹಿರವೆಂದು ಸಾರಿದ ಮೇಲೆ ಚರ್ಚೆ ಸತ್ತುಹೋಯಿತು.

ತತ್ತ್ವಜ್ಞಾನಿಗಳ ಮೂರು ಮತಗಳನ್ನು ಗಝಾಲಿ ಹಾಗೆ ಖಂಡಿಸಿದ್ದು, ಅವುಗಳಲ್ಲಿ ಇದೂ ಒಂದೆಂಬುದು ನಿಜ. ಆದರೆ ಮುಂದಿನ ಶತಮಾನದಲ್ಲಿ ಕಾರ್ಡೊಬಾದ ಇಬ್ನ್ ರುಶ್ದ್ (1126–1198) ಇಡೀ ಪುಸ್ತಕಕ್ಕೆ ಅಂಶ ಅಂಶವಾಗಿ ಉತ್ತರ ಬರೆದರು. ನಮ್ಮ ಅರಿವು ವಸ್ತುಗಳಿಂದ ಹುಟ್ಟುತ್ತದೆ, ವಸ್ತುಗಳೋ ದೇವರ ಅರಿವಿನಿಂದ ಹುಟ್ಟುತ್ತವೆ. ಆದ್ದರಿಂದ ಆ ಅರಿವನ್ನು ‘ಬಿಡಿ’ ಎಂದಾಗಲಿ ‘ಸಾರ್ವತ್ರಿಕ’ ಎಂದಾಗಲಿ ಕರೆಯಲಾಗದು ಎಂಬುದು ಅವರ ನಿಲುವು. ಸತ್ತ ಚರ್ಚೆಗೆ ಇಂಥ ಉತ್ತರ ಹುಟ್ಟುವುದಿಲ್ಲ.

ಈ ನಾಲ್ವರೂ ಎಲ್ಲದರಲ್ಲಿ ಒಮ್ಮತದವರಲ್ಲ, ಎಲ್ಲ ತೊಡಕುಗಳೂ ಬಗೆಹರಿದಿಲ್ಲ. ಆದರೂ ಫಾರಾಬಿ ಎಳೆದ ಗೆರೆ ಇಂದಿಗೂ ಅಳಿದಿಲ್ಲ: ಆಗುವುದನ್ನು ಅರಿಯುವುದು ಬೇರೆ, ಆಗುವಂತೆ ಬಲವಂತ ಮಾಡುವುದು ಬೇರೆ. ಈ ಪರಂಪರೆಯನ್ನು ‘ಹಣೆಬರಹ’ ಎಂದು ತಳ್ಳಿಹಾಕುವವರು ಮೊದಲು ಈ ಭೇದವನ್ನು ಸುಳ್ಳೆಂದು ಸಾಧಿಸಲಿ.