ಮುಕ್ತಿನಾಥಯಾತ್ರೆಯೂ ಅವಸರವೂ

ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ನಿಂತೊಡನೆ ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಯಾತ್ರೆಯ ಮಾತು ಏಳುವುದು ಹೊಸತಲ್ಲ. ಹಿಂದೆ ಕಾಶಿ ರಾಮೇಶ್ವರಗಳಲ್ಲಿ ನಿಲ್ಲುತ್ತಿದ್ದ ಆ ಮಾತು ಈಗ ಹಿಮಾಲಯವನ್ನೇರಿ ನೇಪಾಳದೇಶದ ಪಶುಪತಿನಾಥ, ಮುಕ್ತಿನಾಥಗಳವರೆಗೆ ಹೋಗಿದೆ. ಕುರಿಯ ತಳಿಯಿಂದ ನಾಡಿಗೆಲ್ಲ ಹೆಸರಾದ ಬಂಡೂರಿನಂಥ ಗ್ರಾಮದ ವೃದ್ಧ ದಂಪತಿಗಳೂ ಗಂಡಕೀತೀರವನ್ನು ಕಾಣಬೇಕೆಂದು ಆಶಿಸುವುದು ಸಂತೋಷದ ಸಂಗತಿಯೇ ಸರಿ. ಆದರೆ ಈ ಆಶೆಯ ಬೆನ್ನಿಗೇ ಎರಡು ಅಪಸಿದ್ಧಾಂತಗಳು ಜನಮನದಲ್ಲಿ ಬೇರೂರಿವೆ. ಕುರಿ ಮಾರಿ, ಒಡವೆ ಅಡವಿಟ್ಟು, ಯಾತ್ರೆಯ ಗುತ್ತಿಗೆ ಹಿಡಿದವರ ಕೈಗೆ ಇಡಿಗಂಟು ಕೊಡದೆ ಪರದೇಶಯಾತ್ರೆ ಸಾಗದೆಂಬುದು ಒಂದು. ದೇವರ ಬಳಿಗೆ ಹೊರಟವನು ದೇಹದ ಚಿಂತೆ ಮಾಡಕೂಡದೆಂಬುದು ಇನ್ನೊಂದು. ಮೊದಲನೆಯದು ಹಣವನ್ನು ಕಳೆಯುತ್ತದೆ. ಎರಡನೆಯದು ಪ್ರಾಣವನ್ನೇ ಕಳೆಯಬಲ್ಲುದು. ಎರಡಕ್ಕೂ ತಾಯಿ ಅವಸರವೊಂದೇ.

ಮೊದಲ ವಾದದಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. ಹಿಂದಿ ಬಾರದವರು, ಒಂಟಿ ಮುದುಕರು, ಕಣ್ಣು ಮಂದವಾದವರು ಬಲ್ಲವರ ಜೊತೆಯಲ್ಲಿ ಹೋಗುವುದೇ ಲೇಸು. ಆದರೆ ಜೊತೆ ಬೇರೆ, ಗುತ್ತಿಗೆ ಬೇರೆ. 'ಪ್ಯಾಕೇಜು' ಎಂದು ಕರೆಯಲ್ಪಡುವ ಏರ್ಪಾಟಿನಲ್ಲಿ ದಿನಗಳು ಕಡಿಮೆಯಾದಷ್ಟೂ ಗುತ್ತಿಗೆದಾರನಿಗೆ ಊಟ ವಸತಿಗಳ ಖರ್ಚು ಉಳಿಯುತ್ತದೆ. ಆದಕಾರಣ ಆರು ದಿನದ ದಾರಿಯನ್ನು ಮೂರು ದಿನಕ್ಕೆ ಇಳಿಸುವುದು ಅವನ ಲಾಭ. ಆ ಮೂರು ದಿನಗಳ ಆಯಾಸ ಯಾತ್ರಿಕನ ಪಾಲು.

ನೇಪಾಳವು ದೂರವಾದರೂ ದುರ್ಗಮವಲ್ಲ. ಅಲ್ಲಿಗೆ ಹೋಗಲು ಭಾರತೀಯರಿಗೆ ವೀಸಾ ಬೇಕಿಲ್ಲ. 15ರಿಂದ 65 ವರ್ಷದೊಳಗಿನವರು ಪಾಸ್‌ಪೋರ್ಟನ್ನಾಗಲಿ ಮತದಾರರ ಗುರುತಿನ ಚೀಟಿಯನ್ನಾಗಲಿ ಒಯ್ಯತಕ್ಕದ್ದು. ಆಧಾರ್ ಒಂದನ್ನೇ ನಂಬಿ ಹೊರಟರೆ ತೊಂದರೆ ತಪ್ಪದು. ಮದ್ದೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದರೆ ಯಶವಂತಪುರದಿಂದ ಗೋರಖಪುರಕ್ಕೆ ನೇರ ರೈಲುಂಟು. ಗೋರಖಪುರದಿಂದ ಸೋನೌಲಿಯ ಗಡಿಗೆ ಬಸ್ಸು. ಗಡಿಯ ಬಾಗಿಲನ್ನು ಕಾಲ್ನಡೆಯಲ್ಲೇ ದಾಟಬಹುದು. ಅದರ ಸಮೀಪದಲ್ಲೇ ಬುದ್ಧದೇವನು ಜನಿಸಿದ ಲುಂಬಿನಿ, ಮುಂದೆ ಪೋಖರಾ. ಭಾರತದ ಒಂದು ರೂಪಾಯಿಗೆ ಅಲ್ಲಿಯ ಒಂದು ರೂಪಾಯಿ ಅರವತ್ತು ಪೈಸೆಯೆಂಬ ದರವು 1993ರಿಂದ ಸ್ಥಿರವಾಗಿದೆ. ಈ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡವನನ್ನು ವಂಚಿಸುವುದು ಕಷ್ಟ. 2018ರ ಡಿಸೆಂಬರಿನಲ್ಲಿ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ಆ ಸರ್ಕಾರವು ನಿಷೇಧಿಸಿದಾಗ ಎಷ್ಟೋ ಮಂದಿಗೆ ತೊಡಕಾಯಿತು. ಇಂಥ ನಿಯಮಗಳು ಆಗಾಗ ಬದಲಾಗುವುದರಿಂದ ನೂರರ ನೋಟುಗಳನ್ನೇ ಒಯ್ಯುವುದು ಎಂದಿಗೂ ಕ್ಷೇಮ. ಅಲ್ಲಿಯ ಊಟದ ಮನೆಗಳಲ್ಲಿ ದೊರೆಯುವ ಅನ್ನ, ಬೇಳೆ, ಪಲ್ಯಗಳು ನಮ್ಮವರ ನಾಲಗೆಗೆ ಪರಕೀಯವಲ್ಲ. ಜೊತೆಗೆ ಮನೆಯ ಹುರಿಹಿಟ್ಟು, ಬೆಲ್ಲ, ಕಡಲೆಕಾಯಿಗಳ ಬುತ್ತಿಯೊಂದಿದ್ದರೆ ಹಸಿವಿನ ಭಯವಿಲ್ಲ. ಕಾಠ್ಮಂಡುವಿನ ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರಾದರೋ ಕರ್ನಾಟಕದಿಂದ ಹೋದವರು. ಈ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಹೀಗಿರಲು ಅದನ್ನು ಕಂಡರಿಯದ ದ್ವೀಪಾಂತರವೆಂಬಂತೆ ಹೆದರಿಸಿ ಹಣ ಕೀಳುವುದು ಎಲ್ಲಿಯ ನ್ಯಾಯ?

ಹೆದರಬೇಕಾದುದು ದೂರಕ್ಕಲ್ಲ, ಎತ್ತರಕ್ಕೆ. ಇದನ್ನು ಹೇಳಬೇಕಾದವರೇ ಹೇಳುತ್ತಿಲ್ಲ. ಮಂಡ್ಯದ ಬಯಲು ಸಮುದ್ರಮಟ್ಟದಿಂದ ಏಳುನೂರು ಮೀಟರಿನ ಆಸುಪಾಸಿನಲ್ಲಿದೆ. ಮುಕ್ತಿನಾಥವು 3,700 ಮೀಟರನ್ನು ಮೀರಿದೆ. ಅಷ್ಟೆತ್ತರದಲ್ಲಿ ಒಂದೊಂದು ಉಸಿರಿಗೆ ದೊರೆಯುವ ಪ್ರಾಣವಾಯು ಕಡಲತೀರದಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲಿಗೂ ಕಡಿಮೆ. ಶರೀರವು ಇದಕ್ಕೆ ಹೊಂದಿಕೊಳ್ಳಬಲ್ಲುದು. ಆದರೆ ಅದಕ್ಕೆ ದಿನಗಳು ಬೇಕು. ಹಿಂದಿನ ಯಾತ್ರಿಕರು ವಾರಗಟ್ಟಲೆ ನಡೆದು ಏರುತ್ತಿದ್ದರು. ಅವರ ಬಡತನವೇ ಅವರಿಗೆ ವೈದ್ಯನಾಗಿತ್ತು. ನಡಿಗೆಯ ನಿಧಾನವೇ ಔಷಧವಾಗಿತ್ತು. ಇಂದಿನವನು ಪೋಖರಾದಲ್ಲಿ ಬೆಳಗ್ಗೆ ಹೊರಟು, ಸಂಜೆಗೆ ಮುಕ್ತಿನಾಥದ ಬುಡದಲ್ಲಿ ಮಲಗಿ, ರಾತ್ರಿಯೆಲ್ಲ ತಲೆಯೊಡೆಯುವ ನೋವಿನಿಂದ ನರಳಿ, 'ಪ್ರಯಾಣದ ಆಯಾಸ' ಎಂದು ಸಮಾಧಾನಪಡುತ್ತಾನೆ. ಅದು ಆಯಾಸವಲ್ಲ, ಎಚ್ಚರಿಕೆ. ತಲೆನೋವು, ವಾಕರಿಕೆ, ತಲೆಸುತ್ತು, ಊಟ ಸೇರದಿರುವುದು ಅದರ ಮೊದಲ ಮೆಟ್ಟಿಲು. ಆಗ ಮೇಲೇರುವುದನ್ನು ನಿಲ್ಲಿಸಬೇಕು. ಕುಳಿತಲ್ಲೇ ಏದುಸಿರು, ನಡೆವಾಗ ತೂರಾಟ, ಮಾತಿನಲ್ಲಿ ಗೊಂದಲ ಕಂಡುಬಂದರೆ ಹಗಲಿರುಳೆನ್ನದೆ ಕೆಳಕ್ಕಿಳಿಸಬೇಕು. ಇಳಿಸದೆ ಬೆಳಗಿಗಾಗಿ ಕಾಯುವುದು ಮೃತ್ಯುವನ್ನು ಕಾಯ್ದಂತೆ.

ಕ್ರಮವು ಕಠಿನವಾದುದೇನಲ್ಲ. ಪೋಖರಾ ಬಿಟ್ಟ ಮೊದಲ ರಾತ್ರಿ ಸುಮಾರು 1,200 ಮೀಟರಿನ ತಾತೋಪಾನಿಯಲ್ಲಿ. ಬಳಿಕ ಎರಡು ರಾತ್ರಿ ಸುಮಾರು 2,700 ಮೀಟರಿನ ಜೋಮ್ಸೋಮಿನಲ್ಲಿ. ಮರುದಿನ ಬೆಳಗ್ಗೆ ಜೀಪಿನಲ್ಲಿ ಏರಿ, ದರ್ಶನ ಮಾಡಿ, ಅಂದೇ ಜೋಮ್ಸೋಮಿಗೆ ಇಳಿದು ಮಲಗುವುದು. ಹೆಚ್ಚಾಗುವುದು ಎರಡು ಮೂರು ದಿನದ ಊಟ ವಸತಿಗಳ ಖರ್ಚು ಮಾತ್ರ. ಹೃದ್ರೋಗ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿರುವವರು ಹೊರಡುವ ಮುನ್ನವೇ ವೈದ್ಯರನ್ನು ಕಂಡು, ಎತ್ತರದ ಬೇನೆಗೆ ಮುಂಜಾಗ್ರತೆಯ ಮದ್ದು ತಮಗೆ ಸಲ್ಲುವುದೇ ಎಂದು ಕೇಳತಕ್ಕದ್ದು.

ಇನ್ನು 'ಕಷ್ಟಪಟ್ಟಷ್ಟೂ ಪುಣ್ಯ' ಎಂಬ ಎರಡನೆಯ ವಾದ. ಮುಕ್ತಿನಾಥವನ್ನು ಶ್ರೀವೈಷ್ಣವರು 108 ದಿವ್ಯದೇಶಗಳಲ್ಲೊಂದಾದ ಸಾಲಗ್ರಾಮಕ್ಷೇತ್ರವೆಂದು ಎಣಿಸುತ್ತಾರೆ. ಅಲ್ಲಿಯ 108 ಧಾರೆಗಳ ನೀರು ಮಂಜಿನಂತೆ ತಣ್ಣಗಿರುತ್ತದೆ. ಎಪ್ಪತ್ತರ ವೃದ್ಧೆಯನ್ನು ಪ್ರತಿಯೊಂದು ಧಾರೆಯ ಕೆಳಗೂ ನಿಲ್ಲಿಸಿ, ನಡುಗುವುದನ್ನು ಕಂಡು ಭಕ್ತಿಯೆಂದು ಕೊಂಡಾಡುವವರಿದ್ದಾರೆ. ಅಶಕ್ತರಿಗೆ ಮಂತ್ರಸ್ನಾನ, ಪ್ರೋಕ್ಷಣಗಳನ್ನು ಧರ್ಮಶಾಸ್ತ್ರವೇ ವಿಧಿಸಿರುವುದನ್ನು ಇವರು ಅರಿಯರೇ? ಶಾಸ್ತ್ರವು ತೋರಿದ ಕರುಣೆಯನ್ನು ಶಾಸ್ತ್ರದ ಹೆಸರಿನಲ್ಲೇ ಕಸಿಯುವುದು ಭಕ್ತಿಯಲ್ಲ, ಅಜ್ಞಾನ. ಚಳಿಗೆ ಹೆದರಿ ಮುಚ್ಚಿದ ಕೋಣೆಯಲ್ಲಿ ಗ್ಯಾಸಿನ ಒಲೆ ಉರಿಸುವುದೂ ಅಂಥದೇ ಅಜ್ಞಾನ. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿ ಕೇರಳದ ಎಂಟು ಮಂದಿ ಪ್ರವಾಸಿಗಳು, ಮಕ್ಕಳೂ ಸೇರಿ, ಗ್ಯಾಸಿನಿಂದ ಕಾಯಿಸಿದ ಕೋಣೆಯಲ್ಲಿ ಮಲಗಿದವರು ಏಳಲೇ ಇಲ್ಲ. ಕಂಬಳಿ ಇನ್ನೊಂದು ಹೊದೆಯಬಹುದು. ಬೆಂಕಿಯನ್ನು ಹೊದ್ದು ಮಲಗಲಾಗದು.

ದಾರಿಯ ವಿಷಯದಲ್ಲಿಯೂ ಅವಸರವೇ ಶತ್ರು. 2022ರ ಮೇ 29ರಂದು ಪೋಖರಾದಿಂದ ಜೋಮ್ಸೋಮಿಗೆ ಹಾರಿದ ಚಿಕ್ಕ ವಿಮಾನವು ಬೆಟ್ಟಕ್ಕೆ ಬಡಿದು 22 ಮಂದಿ ಮೃತರಾದರು. ಆ ಕಣಿವೆಯಲ್ಲಿ ಮಧ್ಯಾಹ್ನದ ಗಾಳಿ ಪ್ರಬಲವಾದುದರಿಂದ ವಿಮಾನಗಳು ಬೆಳಗಿನಲ್ಲೇ ಹಾರುತ್ತವೆ. ಹವೆ ಕೆಟ್ಟರೆ ನಿಲ್ಲುತ್ತವೆ. ನಿಂತಾಗ ಕಾಯುವ ವ್ಯವಧಾನವಿಲ್ಲದವನು ಅತ್ತ ಹೋಗಬಾರದು. ಮಳೆಗಾಲದಲ್ಲಂತೂ ಹೊರಡಲೇಬಾರದು. 2024ರ ಜುಲೈ 12ರಂದು ಸಿಮಲ್ತಾಲ್ ಬಳಿ ಕುಸಿದ ಗುಡ್ಡವು ಎರಡು ಬಸ್ಸುಗಳನ್ನು ಪ್ರಯಾಣಿಕರ ಸಮೇತ ತ್ರಿಶೂಲೀ ನದಿಗೆ ನೂಕಿತು. ಒಕ್ಕಣೆ ಮುಗಿದ ಮೇಲಣ ಮಾರ್ಚಿ ಏಪ್ರಿಲ್ ತಿಂಗಳುಗಳು ರೈತನಿಗೂ ಬಿಡುವು, ದಾರಿಗೂ ಹಿತ. ರಾತ್ರಿಯ ಬಸ್ಸನ್ನು ಬಿಟ್ಟು ಹಗಲಿನ ಬಸ್ಸನ್ನೇ ಹಿಡಿಯಬೇಕು. 2025ರ ಸೆಪ್ಟೆಂಬರಿನಲ್ಲಿ ಕಾಠ್ಮಂಡುವಿನ ಗಲಭೆಯಿಂದ ವಿಮಾನನಿಲ್ದಾಣವೇ ಮುಚ್ಚಿದ್ದನ್ನು ನೆನೆದರೆ, ಎರಡು ಮೂರು ದಿನದ ಹೆಚ್ಚಿನ ಹಣವೂ ಔಷಧವೂ ಪ್ರತಿಯೊಬ್ಬನ ಗಂಟಿನಲ್ಲಿ ಬೇರೆಯಾಗಿ ಇರಬೇಕೆಂಬುದು ಸ್ಪಷ್ಟವಾದೀತು.

ಕಡೆಯದಾಗಿ ಒಂದು ಮಾತು ಪಟ್ಟಣಗಳಲ್ಲಿ ನೆಲಸಿದ ಮಕ್ಕಳಿಗೆ ಸಲ್ಲತಕ್ಕದ್ದು. ತಂದೆತಾಯಿಗಳ ಹೆಸರಿನಲ್ಲಿ ಹಣ ಕಟ್ಟಿ, ಬಸ್ಸು ಹತ್ತಿಸಿ ಕೈಬೀಸಿದೊಡನೆ ಋಣ ತೀರಿತೆಂದು ಅವರು ಭಾವಿಸುತ್ತಾರೆ. ಹಣ ಕೊಡುವ ಮುನ್ನ ಗುತ್ತಿಗೆದಾರನನ್ನು ಕೇಳಲಿ: ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿಸುವೆ? ಒಬ್ಬರಿಗೆ ಕಾಯಿಲೆಯಾದರೆ ಅವರೊಡನೆ ಕೆಳಕ್ಕಿಳಿಯುವವರು ಯಾರು? ದಾರಿ ಕಟ್ಟಿದರೆ ಖರ್ಚು ಯಾರದು? ಇದಕ್ಕೆ ಉತ್ತರ ಕೊಡಲಾರದವನ ಕೈಗೆ ಒಂದು ಕುರಿಮರಿಯನ್ನು ಒಪ್ಪಿಸಲು ಬಂಡೂರಿನ ಯಾವ ರೈತನೂ ಮನಸ್ಸು ಮಾಡನು. ಹೆತ್ತವರನ್ನು ಒಪ್ಪಿಸುವುದು ಹೇಗೆ? ಗಂಡಕಿಯ ಸಾಲಗ್ರಾಮಗಳು ಲಕ್ಷಾಂತರ ವರ್ಷಗಳಿಂದ ಕಾದಿವೆ; ಯಾತ್ರಿಕನು ಮೂರು ದಿನ ತಡವಾಗಿ ಬಂದನೆಂದು ಅವು ಮುನಿಯವು. ಹೋದವರು ಪ್ರಸಾದದೊಡನೆ ಮನೆಗೆ ಮರಳಿದಾಗಲೇ ಯಾತ್ರೆ ಪೂರ್ಣವಾಗುವುದು.