ಸೂಟ್‌ಕೇಸಿನಲ್ಲೊಂದು ಫ್ಲೋಟ್ ಸೂಜಿ

ರಜೆಗೆ ಊರಿಗೆ ಬರುವೆನೆಂದು ತಿಳಿಸಿದಾಗ ಮೈಸೂರಿನ ಅಣ್ಣ ಕೇಳಿದ್ದು ಒಂದೇ ವಸ್ತು: ತನ್ನ ಹಳೆಯ ಬುಲೆಟ್‌ನ ಅಮಲ್ ಕಾರ್ಬುರೇಟರಿಗೆ ಒಂದು ಫ್ಲೋಟ್ ಸೂಜಿ. ಪೇಟೆಯಲ್ಲಿ ದೊರೆತ ಸೂಜಿಯನ್ನು ಎರಡು ಬಾರಿ ಹಾಕಿಸಿದರೂ ಪೆಟ್ರೋಲ್ ತೊಟ್ಟಿಕ್ಕುವುದು ನಿಂತಿಲ್ಲ.

ಇದು ಅಣ್ಣನೊಬ್ಬನ ಗೋಳಲ್ಲ. ಭಾರತವು ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಬೆರೆಸುವ, 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು 2025ರಲ್ಲೇ ಮುಟ್ಟಿತು. ಎಥನಾಲ್ ಇಲ್ಲದ ಪೆಟ್ರೋಲೂ ದೊರೆಯಬೇಕೆಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಅದೇ ವರ್ಷದ ಸೆಪ್ಟೆಂಬರ್ 1ರಂದು ವಜಾಗೊಳಿಸಿತು. ಕಬ್ಬು ಬೆಳೆಯುವ ಮಂಡ್ಯದ ನೆಂಟರ ಮುಂದೆ ನಾನು ಈ ನೀತಿಯನ್ನು ಹಳಿಯಲಾರೆ. ತೈಲದ ಆಮದು ತಗ್ಗುವುದೂ ಸಣ್ಣ ಲಾಭವಲ್ಲ. ಆದರೆ ನಾನಿರುವ ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಲ್ಲಿ ಸಾಮಾನ್ಯ ಪೆಟ್ರೋಲಿನ ಎಥನಾಲ್ ಶೇ. 10ಕ್ಕೆ ಏರಿದಾಗ, ಹಳೆಯ ವಾಹನಗಳಿಗೆ ಇದು ಒಗ್ಗದಿರಬಹುದೆಂದು ಸರ್ಕಾರವೇ ಎಚ್ಚರಿಸಿ, ದುಬಾರಿ 'ಸೂಪರ್' ದರ್ಜೆಯಲ್ಲಿ ಶೇ. 5ರ ಪೆಟ್ರೋಲನ್ನು ಉಳಿಸಿಕೊಂಡಿತು. ವ್ಯತ್ಯಾಸವಿರುವುದು ಇಲ್ಲಿ.

ಎಥನಾಲ್ ನೀರನ್ನು ಹೀರುತ್ತದೆ. ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ವಾರಗಟ್ಟಲೆ ನಿಂತ ಬೈಕಿನಲ್ಲಿ ನೀರೂ ಎಥನಾಲೂ ಕೂಡಿ ತಳಕ್ಕಿಳಿದು, ಸತುವಿನ ಮಿಶ್ರಲೋಹದ ಕಾರ್ಬುರೇಟರನ್ನು ಒಳಗಿನಿಂದ ತಿನ್ನುತ್ತವೆ. ಎರಡು ಸ್ಟ್ರೋಕಿನ ಜಾವಾ, ಯೆಜ್ಡಿಗಳಿಗೆ ಅಪಾಯ ಇನ್ನೂ ಹೆಚ್ಚು: ತಳದ ಆ ಪದರದಲ್ಲಿ ಎಂಜಿನ್ನಿಗೆ ಬೇಕಾದ ಆಯಿಲ್ ಇರುವುದಿಲ್ಲ. ಅವನ್ನು ತಯಾರಿಸಿದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು.

ಆದ್ದರಿಂದ ಬಿಡಿಭಾಗ ಕೊಳ್ಳುವಾಗ ಆಕಾರ ಹೊಂದಿದರೆ ಸಾಲದು, ಯಾವುದರಿಂದ ಮಾಡಿದ್ದೆಂದು ಕೇಳಬೇಕು. ನಮ್ಮ ವೃತ್ತಿಯಲ್ಲೂ ಹಾಗೆಯೇ. ಹೃದಯದ ಕವಾಟ ಲೋಹದ್ದೋ ಪ್ರಾಣಿಯ ಅಂಗಾಂಶದ್ದೋ ಎಂಬುದರ ಮೇಲೆ ರೋಗಿ ಜೀವನಪರ್ಯಂತ ನುಂಗಬೇಕಾದ ಮಾತ್ರೆ ನಿರ್ಧಾರವಾಗುತ್ತದೆ. ಹಿಂದೆ ಬರ್ಮಿಂಗ್‌ಹ್ಯಾಮಿನದಾಗಿದ್ದ ಅಮಲ್ ಹೆಸರು ಇಂದು ಸಾಲ್ಸ್‌ಬರಿಯ ಬರ್ಲೆನ್ ಸಂಸ್ಥೆಯದು. ವಿಟಾನ್ ತುದಿಯ ಸೂಜಿ, ಎಥನಾಲ್ ತಾಳುವ ಫ್ಲೋಟ್ ಅಲ್ಲಿ ಹೊಸದಾಗಿಯೇ ತಯಾರಾಗುತ್ತವೆ. ಊರಿನ ಮೆಕ್ಯಾನಿಕ್ಕಿನ ಕೈಚಳಕಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಪೊಟ್ಟಣದ ಮೇಲೆ ವಸ್ತುವಿನ ಹೆಸರನ್ನು ಮುದ್ರಿಸುವ ಪದ್ಧತಿಗೆ.

ವಿದೇಶದ ಬಂಧುಗಳಿಂದ ಬಿಡಿಭಾಗ ತರಿಸುವವರು ಕಾರ್ಬುರೇಟರಿನ ಮೈಮೇಲೆ ಕೆತ್ತಿರುವ ಸಂಖ್ಯೆಯ ಚಿತ್ರವನ್ನು ಮೊದಲು ಕಳುಹಿಸಿರಿ. ಬಳಸಿದ ಕಾರ್ಬುರೇಟರನ್ನು ಮಾತ್ರ ತರಹೇಳಬೇಡಿ. ಒಳಗೆ ಪೆಟ್ರೋಲಿನ ಆವಿ ಉಳಿದಿದ್ದರೆ ವಿಮಾನದಲ್ಲಿ ಅದು ಅಪಾಯಕಾರಿ ಸರಕು. ಅಣ್ಣನಿಗೆ ಎರಡು ಸೂಜಿ, ಒಂದು ಫ್ಲೋಟ್, ನಾಲ್ಕು ಓ-ರಿಂಗ್ ಕಟ್ಟಿಟ್ಟಿದ್ದೇನೆ. ಎಲ್ಲವೂ ಸೇರಿ ಒಂದು ಹಿಡಿಯಷ್ಟೂ ಇಲ್ಲ.