ಚಂದ್ರನ ಗಡ್ಡದಲ್ಲಿ ಕಂಡ ಸೈತಾನ

ವ್ಯಾಪಾರಮುದ್ರೆಗಳಲ್ಲಿ ಗುಪ್ತ ಸಂಕೇತಗಳು ಅಡಗಿವೆಯೆಂಬ ವದಂತಿಗಳನ್ನು ಅಜ್ಞಾನದ ಫಲವೆಂದು ತಳ್ಳಿಹಾಕುವುದು ಸುಲಭವಾದರೂ, ಸಾಕ್ಷ್ಯ ಎದುರಾದ ಮೇಲೂ ಅವು ಉಳಿಯುವುದೇಕೆಂಬ ಪ್ರಶ್ನೆಗೆ ಅದರಿಂದ ಉತ್ತರ ದೊರೆಯುವುದಿಲ್ಲ. ಅಮೆರಿಕದ ಸಿನ್ಸಿನಾಟಿಯಲ್ಲಿರುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯ ಹಳೆಯ ಮುದ್ರೆಯ ಕಥೆಯನ್ನೇ ನೋಡಬಹುದು. 1850ರ ದಶಕದಲ್ಲಿ ಮೇಣದಬತ್ತಿಯ ಪೆಟ್ಟಿಗೆಗಳನ್ನು ಗುರುತಿಸಲು ಬಂದರುಕಟ್ಟೆಯ ಕೂಲಿಗಳು ಬಳಿಯುತ್ತಿದ್ದ ಒರಟು ಗುರುತು ಮೊದಲು ನಕ್ಷತ್ರವಾಗಿ, ಮುಂದೆ ಗಡ್ಡಧಾರಿ ಚಂದ್ರಮುಖವೂ ಹದಿಮೂರು ನಕ್ಷತ್ರಗಳೂ ಕೂಡಿದ ಚಿತ್ರವಾಗಿ ಬೆಳೆಯಿತು. ಹದಿಮೂರೆಂಬುದು ಅಮೆರಿಕದ ಮೂಲ ವಸಾಹತುಗಳ ಸಂಖ್ಯೆ. 1980ರ ದಶಕದ ಆರಂಭದಲ್ಲಿ ಆ ಗಡ್ಡದ ಸುರುಳಿಗಳಲ್ಲಿ ಜನರಿಗೆ 666, ಅಂದರೆ ಬೈಬಲ್ಲಿನ ಪ್ರಕಟನೆ ಗ್ರಂಥವು ‘ಮೃಗ’ದ ಸಂಖ್ಯೆಯೆಂದು ಹೇಳುವ ಅಂಕೆ, ಕಾಣತೊಡಗಿತು. ಸಂಸ್ಥೆಯ ಮುಖ್ಯಸ್ಥ ಟಿ.ವಿ. ಕಾರ್ಯಕ್ರಮದಲ್ಲಿ ಸೈತಾನನ ಆರಾಧಕನೆಂದು ಒಪ್ಪಿಕೊಂಡನೆಂಬ, ಎಂದೂ ನಡೆಯದ ಸಂಗತಿಯೂ ಅದಕ್ಕೆ ಸೇರಿಕೊಂಡಿತು.

ಬಿಲ್ಲಿ ಗ್ರಹಾಂರಂಥ ಪ್ರಸಿದ್ಧ ಧರ್ಮಬೋಧಕರ ನಿರಾಕರಣೆಯೂ ಸಾಲದೆ, ಸಂಸ್ಥೆ 1985ರಲ್ಲಿ ತನ್ನ ಪೊಟ್ಟಣಗಳಿಂದ ಆ ಚಿತ್ರವನ್ನು ತೆಗೆಯಲು ನಿರ್ಧರಿಸಿತು. ವದಂತಿಯ ಬಲ ಇರುವುದು ಇಲ್ಲಿಯೇ: ಚಿತ್ರ ಉಳಿದರೆ ಅದು ಪುರಾವೆ, ಅಳಿದರೆ ತಪ್ಪೊಪ್ಪಿಗೆ. ಆರೋಪವು ರೇಖೆಗಳ ಮೇಲಲ್ಲದೆ ಅವುಗಳ ಹಿಂದಿನ ಉದ್ದೇಶದ ಮೇಲಿರುವುದರಿಂದ, ಉದ್ದೇಶವಿರಲಿಲ್ಲವೆಂದು ತೋರಿಸಬಲ್ಲ ವಸ್ತು ಯಾವುದೂ ಇರುವುದಿಲ್ಲ.

ಹಾಗೆಂದು ಮುದ್ರೆಯೊಳಗೆ ಅರ್ಥ ಹುಡುಕುವವರೆಲ್ಲರೂ ಮೂಢರಲ್ಲ. ಫೆಡ್‌ಎಕ್ಸ್‌ನ 1994ರ ಮುದ್ರೆಯಲ್ಲಿ ಎರಡು ಅಕ್ಷರಗಳ ನಡುವಿನ ಬಿಳಿಯ ಜಾಗ ಬಾಣವಾಗಿರುವುದು ವಿನ್ಯಾಸಕಾರ ಲಿಂಡನ್ ಲೀಡರ್ ಬೇಕೆಂದೇ ಮಾಡಿದ್ದು. ಭಾರತದಲ್ಲಂತೂ ಪೊಟ್ಟಣದ ಹಸಿರು ಚುಕ್ಕೆ ಸಸ್ಯಾಹಾರವನ್ನು ಸೂಚಿಸಬೇಕೆಂದು ಕಾನೂನೇ ವಿಧಿಸಿದೆ. ಈ ಚುಕ್ಕೆಯನ್ನು ನಂಬಿ ಸಾಮಾನು ಕೊಳ್ಳುವ ಗ್ರಾಹಕ, ಟೂತ್‌ಪೇಸ್ಟ್ ಟ್ಯೂಬಿನ ಬುಡದ ಹಸಿರು ಪಟ್ಟಿ ‘ನೈಸರ್ಗಿಕ’, ಕಪ್ಪು ಪಟ್ಟಿ ‘ಪೂರ್ತಿ ರಾಸಾಯನಿಕ’ ಎಂಬ ವಾಟ್ಸಾಪ್ ಸಂದೇಶವನ್ನೂ ನಂಬಿದರೆ ಆಶ್ಚರ್ಯವೇನು? ವಾಸ್ತವವಾಗಿ ಆ ಪಟ್ಟಿಯನ್ನು ಓದುವುದು ಯಂತ್ರ. ಬಣ್ಣದ ವ್ಯತ್ಯಾಸವನ್ನು ಬೆಳಕಿನಿಂದ ಗ್ರಹಿಸುವ ಸೆನ್ಸರ್, ಟ್ಯೂಬನ್ನು ಎಲ್ಲಿ ಕತ್ತರಿಸಿ ಬೆಸೆಯಬೇಕೆಂದು ಅದರಿಂದಲೇ ತಿಳಿಯುತ್ತದೆ. ಎರಡು ಗುರುತುಗಳಿಗೂ ಇರುವ ಅಂತರ ಕಣ್ಣಿಗೆ ಕಾಣುವಂಥದ್ದಲ್ಲ. ಒಂದರ ಅರ್ಥಕ್ಕೆ ಹೊಣೆಯಾದ ಪ್ರಕಟಿತ ನಿಯಮವಿದೆ, ಇನ್ನೊಂದರ ಅರ್ಥಕ್ಕೆ ಹೊಣೆಗಾರರೇ ಇಲ್ಲ.

ಹೊಣೆಗಾರರು ಸಿಗುವುದು ಅಪರೂಪ. ಸೈತಾನನ ವದಂತಿಯನ್ನು ಹರಡಿದ್ದಕ್ಕಾಗಿ ಪ್ರತಿಸ್ಪರ್ಧಿ ಸಂಸ್ಥೆ ಆಮ್‌ವೇಯ ನಾಲ್ವರು ಮಾಜಿ ವಿತರಕರು 1.925 ಕೋಟಿ ಡಾಲರ್ ಪರಿಹಾರ ನೀಡಬೇಕೆಂದು ಅಮೆರಿಕದ ಜ್ಯೂರಿಯೊಂದು 2007ರಲ್ಲಿ ತೀರ್ಪಿತ್ತಿತು. ಚಿತ್ರವನ್ನು ಪೊಟ್ಟಣಗಳಿಂದ ತೆಗೆಯುವ ನಿರ್ಧಾರವಾಗಿ ಅಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾಗಿದ್ದವು.